ಬೊಗಳುವ ನಾಯಿ, ಹೆದರಿದ ನಾಯಿ: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ನಮ್ಮ ಬೊಗ್ಗಿ ಮಂಗಳೂರು ಕಾವೂರಿನ ಮನೆಗೆ ಬಂದಾಗ ಅವಳಿಗೆ ಏಳೆಂಟು ತಿಂಗಳು. ಒಂದು ಮಳೆಯ ರಾತ್ರಿ ಬಸ್‌ಸ್ಟ್ಯಾಂಡಿನ ಬೆಂಚಿನಡಿ ಮುದುಡಿ ಮಲಗಿದ್ದ ಊರ ನಾಯಿ ಅವಳು. ಮೊದಲ ಒಂದು ವರ್ಷ ಅವಳನ್ನು ಜೋರಿನ ನಾಯಿ ಅಂದುಕೊಂಡಿದ್ದೆವು. ಗೇಟಿಗೆ ಯಾರೇ ಬಂದರೂ ಹಾರುತ್ತಿದ್ದಳು. ರಸ್ತೆಯಲ್ಲಿ ಬೇರೆ ನಾಯಿ ಕಂಡರೆ ಹಗ್ಗ ಕಿತ್ತು ಹೋಗುವ ಹಾಗೆ ಎಳೆಯುತ್ತಿದ್ದಳು. ನಾವು ಬೈದೆವು, ಅವಳು ಇನ್ನೂ ಜಾಸ್ತಿ ಬೊಗಳಿದಳು. ಅದು ಜೋರಲ್ಲ, ಹೆದರಿಕೆ ಅಂತ ಗೊತ್ತಾದ ದಿನದಿಂದ ನಾವು ಮಾಡುವುದೆಲ್ಲ ಬದಲಾಯಿತು.

ಇದನ್ನು ಬರೆಯುತ್ತಿರುವುದು ಅಂಥ ನಾಯಿ ಇರುವ ಮನೆಯವರಿಗಾಗಿ. ನಿಮ್ಮ ಕಣ್ಣಿಗೆ ಬೀಳುವ ಲಕ್ಷಣ ಯಾವುದೋ ಆ ಭಾಗಕ್ಕೆ ಹೋಗಿ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಆದರೆ ಮೊದಲ ಭಾಗವನ್ನು ಮಾತ್ರ ಎಲ್ಲರೂ ಓದಿ.

"ನಿನ್ನೆವರೆಗೆ ಸರಿ ಇತ್ತು, ಈಗ ಇದ್ದಕ್ಕಿದ್ದ ಹಾಗೆ ಸಿಡುಕುತ್ತದೆ"

ಸ್ವಭಾವ ದಿಢೀರ್ ಬದಲಾದರೆ ಮೊದಲ ಅನುಮಾನ ನೋವಿನ ಮೇಲೆ ಇರಲಿ. ನಾಯಿ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಲು ಬಿಡುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ, ಮಕ್ಕಳು ಹತ್ತಿರ ಬಂದರೆ ಗುರ್ ಅನ್ನುತ್ತದೆ. ನಮಗೆ ಕಾಣುವುದು ಸಿಟ್ಟು ಮಾತ್ರ.

ಮನೆಯಲ್ಲೇ ನೋಡಬಹುದಾದ್ದು ತುಂಬ ಉಂಟು. ಕಿವಿಯನ್ನು ಮೆಲ್ಲಗೆ ಎತ್ತಿ ಮೂಸಿ. ಹುಳಿ ವಾಸನೆ, ಕಂದು ಬಣ್ಣದ ಜಿಡ್ಡು ಇದ್ದರೆ, ನಾಯಿ ಪದೇಪದೇ ತಲೆ ಕೊಡವುತ್ತಿದ್ದರೆ, ಕಿವಿಯ ಸೋಂಕು ಇರಬಹುದು. ನಮ್ಮ ಕರಾವಳಿಯ ತೇವದ ಹವೆಗೆ ಇದು ಬಹಳ. ಬೊಗ್ಗಿ ಒಮ್ಮೆ ನನ್ನ ಕೈಗೆ ಹಲ್ಲು ತಾಗಿಸಿದ್ದು ಇದೇ ಕಾರಣಕ್ಕೆ. ತಲೆ ಸವರಲು ಹೋಗಿದ್ದೆ, ಕಿವಿ ಒಳಗೆ ಕೆಂಪಾಗಿತ್ತು. ಹತ್ತು ದಿನದ ಔಷಧಿ ಆದ ಮೇಲೆ ಅವಳೇ ತಲೆ ತಂದು ಮಡಿಲಲ್ಲಿ ಇಟ್ಟಳು. ಒಂದು ಮಾತು: ಕಿವಿಗೆ ತೆಂಗಿನೆಣ್ಣೆ ಬಿಡಬೇಡಿ. ಒಳಗಿನ ಪರದೆ ಹರಿದಿದ್ದರೆ ತೊಂದರೆ ಹೆಚ್ಚುತ್ತದೆ.

ಆಮೇಲೆ ಕಾಲ್ಬೆರಳುಗಳ ಸಂದಿ, ಕುತ್ತಿಗೆ, ಕಿವಿಯ ಬುಡದಲ್ಲಿ ಉಣ್ಣಿ ಇದೆಯಾ ನೋಡಿ. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗುತ್ತದೆ, ಊಟ ಬಿಡುತ್ತದೆ, ಮುಟ್ಟಿದರೆ ಕಿರಿಕಿರಿ ಮಾಡುತ್ತದೆ. ತುಟಿ ಎತ್ತಿ ವಸಡಿನ ಬಣ್ಣ ನೋಡಿ. ನಸುಗೆಂಪು ಇರಬೇಕು. ಬಿಳಚಿಕೊಂಡಿದ್ದರೆ ಅಥವಾ ಹಳದಿ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನಾಯಿಯ ಮೈಬಿಸಿ ನಮಗಿಂತ ಜಾಸ್ತಿ, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೈಗೆ ಬಿಸಿ ಅನ್ನಿಸಿದ ಮಾತ್ರಕ್ಕೆ ಜ್ವರ ಅಲ್ಲ, ಥರ್ಮಾಮೀಟರ್ ಬೇಕು. ಜ್ವರ, ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ. ಅವು ನಾಯಿಗೆ ವಿಷವಾಗಬಹುದು.

ಏನೂ ಕಾಣದಿದ್ದರೂ ಬದಲಾವಣೆ ಉಳಿದರೆ ಡಾಕ್ಟರಿಗೆ ತೋರಿಸಿ, ರಕ್ತಪರೀಕ್ಷೆಯ ಬಗ್ಗೆ ಕೇಳಿ. ಹಲ್ಲು, ಸೊಂಟದ ಕೀಲು, ಥೈರಾಯ್ಡ್ ಎಲ್ಲವೂ ಸಾಧ್ಯ. ವಯಸ್ಸಾದ ನಾಯಿಗೆ ಕಣ್ಣು, ಕಿವಿ ಮಂದವಾದರೆ ಹಿಂದಿನಿಂದ ಬಂದವರೆಲ್ಲ ಅದಕ್ಕೆ ದಿಗಿಲು.

ಇಲ್ಲಿಯೇ ನಿಲ್ಲಬೇಕಾದ ಒಂದು ಸಂದರ್ಭ ಉಂಟು. ದಿಢೀರ್ ಬದಲಾವಣೆಯ ಜೊತೆಗೆ ಜೊಲ್ಲು ಸುರಿಯುವುದು, ನುಂಗಲು ಆಗದಿರುವುದು, ದನಿ ಒಡೆಯುವುದು, ತೂರಾಡುವುದು ಕಂಡರೆ ರೇಬೀಸ್ ಇರಬಹುದು. ಗಂಟಲಲ್ಲಿ ಎಲುಬು ಸಿಕ್ಕಿದೆಯೇನೋ ಅಂತ ಬಾಯಿಗೆ ಕೈ ಹಾಕಬೇಡಿ. ನಾಯಿಯನ್ನು ಒಂದು ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ, ಪಶುವೈದ್ಯರಿಗೆ ಫೋನ್ ಮಾಡಿ. ಅದರ ಜೊಲ್ಲು ತಾಗಿದವರೆಲ್ಲ ಆಸ್ಪತ್ರೆಗೆ ಹೋಗಲೇಬೇಕು. ಲಕ್ಷಣ ಶುರುವಾದ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷವೂ ಹಾಕಿಸಿ. ಪುಸ್ತಕ ತೆಗೆದು ತಾರೀಖು ಇವತ್ತೇ ನೋಡಿ.

"ಗೇಟಿಗೆ ಯಾರು ಬಂದರೂ ಬೊಬ್ಬೆ"

ಮೀನಿನವರ ಹಾರ್ನ್, ಗ್ಯಾಸಿನ ಲಾರಿ, ಕೊರಿಯರ್ ಹುಡುಗ. ನಾಯಿಯ ಕಡೆಯಿಂದ ಯೋಚಿಸಿ. ಅದು ಬೊಗಳುತ್ತದೆ, ಬಂದವರು ಹೊರಟು ಹೋಗುತ್ತಾರೆ. ಅವರು ಹೇಗೂ ಹೋಗುವವರೇ, ಆದರೆ ನಾಯಿಗೆ ಹಾಗೆ ಗೊತ್ತಿಲ್ಲ. ತಾನು ಬೊಗಳಿ ಓಡಿಸಿದೆ ಅಂತ ಕಲಿಯುತ್ತದೆ. ದಿನಕ್ಕೆ ಹತ್ತು ಸಲ ಈ ಪಾಠ ನಡೆಯುತ್ತದೆ.

ಮೊದಲು ನೋಟ ಮುಚ್ಚಿ. ಗೇಟಿನ ಸರಳುಗಳಿಗೆ ಹಸಿರು ನೆಟ್ ಅಥವಾ ಹಳೆಯ ಟಾರ್ಪಾಲಿನ ತುಂಡು ಕಟ್ಟಿ. ಫ್ಲಾಟಾದರೆ ಬಾಲ್ಕನಿಯ ಕೆಳಭಾಗ ಮುಚ್ಚಿ. ಒಂದು ವಾರ ನೋಡಿ. ಬೊಬ್ಬೆ ಅರ್ಧಕ್ಕೆ ಇಳಿದರೆ ನಿಮ್ಮ ನಾಯಿಯನ್ನು ಕೆಣಕುತ್ತಿದ್ದದ್ದು ಕಣ್ಣು. ಇಳಿಯದಿದ್ದರೆ ಕಿವಿ. ಆಗ ಹಗಲು ಅದರ ಜಾಗವನ್ನು ಜಗಲಿಯಿಂದ ಹಿತ್ತಿಲ ಕಡೆಯ ಕೋಣೆಗೆ ಬದಲಿಸಿ.

ನಾನು ಮೀನಿನ ಅಣ್ಣನ ಹತ್ತಿರ ಕೇಳಿಕೊಂಡೆ: "ನಮ್ಮ ಪಾಗಾರ ದಾಟಿ ಆಚೆ ಮನೆಯ ಹತ್ತಿರ ನಿಲ್ಲಿಸಿ ಹಾರ್ನ್ ಹಾಕಿ ಮಾರಾಯ್ರೆ, ನಾನೇ ಬರ್ತೇನೆ." ಅವರು ಸಂತೋಷದಿಂದ ಒಪ್ಪಿದರು. ಈಗ ದೂರದಲ್ಲಿ ಹಾರ್ನ್ ಕೇಳಿದ ಕೂಡಲೇ ಬೊಗ್ಗಿ ಅಡುಗೆಮನೆಗೆ ಓಡಿ ಬರುತ್ತಾಳೆ, ಯಾಕೆಂದರೆ ಹಾರ್ನ್ ಆದ ಮೇಲೆ ಅವಳಿಗೆ ಒಂದು ತುಂಡು ತಿನ್ನಲು ಸಿಗುತ್ತದೆ. ಇದಕ್ಕೆ ಎರಡು ತಿಂಗಳು ಹಿಡಿಯಿತು.

ನಾಯಿಯನ್ನು ಗೇಟಿನ ಹತ್ತಿರವೇ ಚೈನಿನಲ್ಲಿ ಕಟ್ಟುವುದು ಬೇಡ. ಹೆದರಿದ ಪ್ರಾಣಿಗೆ ಓಡಿಹೋಗುವ ದಾರಿ ಮುಚ್ಚಿದರೆ ಉಳಿಯುವುದು ಕಚ್ಚುವ ದಾರಿ ಒಂದೇ.

"ವಾಕಿಂಗ್‌ನಲ್ಲಿ ಬೇರೆ ನಾಯಿ ಕಂಡರೆ ಹಾರುತ್ತದೆ"

ಕುತ್ತಿಗೆಯಲ್ಲಿ ಏನಿದೆ ನೋಡಿ. ಎಳೆದಾಗ ಬಿಗಿಯುವ ಚೈನು, ಮುಳ್ಳಿನ ಪಟ್ಟಿ ಇದ್ದರೆ ತೆಗೆದುಬಿಡಿ. ಬೇರೆ ನಾಯಿ ಕಂಡಾಗಲೆಲ್ಲ ಕುತ್ತಿಗೆ ನೋಯುತ್ತದೆ. ನಾಯಿ ಆ ನೋವನ್ನು ಎದುರಿನ ನಾಯಿಯ ಲೆಕ್ಕಕ್ಕೆ ಹಾಕುತ್ತದೆ. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂರುವ ಹಾರ್ನೆಸ್, ಆರಡಿಯ ಗಟ್ಟಿ ಹಗ್ಗ ಸಾಕು. ಪಟ್ಟಿಯ ಅಡಿ ಎರಡು ಬೆರಳು ಹೋಗಬೇಕು, ಹಿಂದಕ್ಕೆ ಜಗ್ಗಿದಾಗ ಕಳಚಬಾರದು. ಬಟನ್ ಒತ್ತಿದರೆ ಉದ್ದವಾಗುವ ಹಗ್ಗ ಇಂಥ ನಾಯಿಗೆ ಬೇಡ.

ಇನ್ನು ಮುಖ್ಯ ವಿಷಯ. ದೂರ. ಎಲ್ಲ ಅಂಜುವ ನಾಯಿಗೂ ಒಂದು ಗೆರೆ ಇರುತ್ತದೆ. ಅದರ ಆಚೆ ಇನ್ನೊಂದು ನಾಯಿ ನಿಂತಿದ್ದರೆ ಇದು ನೋಡುತ್ತದೆ, ಸುಮ್ನೆ ಇರುತ್ತದೆ. ಗೆರೆ ದಾಟಿದರೆ ತಲೆ ಕೆಲಸ ಮಾಡುವುದಿಲ್ಲ. ಆಗ ನೀವು ಹೇಳಿದ ಯಾವ ಮಾತೂ ಒಳಗೆ ಹೋಗುವುದಿಲ್ಲ. ಆ ಗೆರೆ ಎಷ್ಟು ಹೆಜ್ಜೆಗೆ ಅಂತ ಎಣಿಸಿ. ಬೊಗ್ಗಿಗೆ ಮೊದಲು ನಲವತ್ತು ಹೆಜ್ಜೆ ಬೇಕಿತ್ತು.

ಗೆರೆ ಹತ್ತಿರ ಬಂತು ಅಂತ ನಾಯಿ ಮೊದಲೇ ತಿಳಿಸುತ್ತದೆ. ಸೆಖೆಯಲ್ಲಿ ತೆರೆದೇ ಇದ್ದ ಬಾಯಿ ಪಕ್ಕನೆ ಮುಚ್ಚುತ್ತದೆ. ನಿದ್ದೆ ಇಲ್ಲದ ಆಕಳಿಕೆ, ಮೂಗು ನೆಕ್ಕುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಮೈ ಮರದ ಹಾಗೆ ಬಿಗಿಯಾಗುವುದು. ಇದೆಲ್ಲ ಬೊಗಳುವ ಮೊದಲಿನ ಮಾತು. ಬಾಲ ಆಡಿಸಿದರೆ ಖುಷಿ ಅಂತ ಮಾತ್ರ ತಿಳಿಯಬೇಡಿ. ಬಾಲ ಮೇಲಕ್ಕೆ ಸೆಟೆದು ಸಣ್ಣಗೆ ನಡುಗುತ್ತಿದ್ದರೆ ಅದು ಉದ್ವೇಗ.

ಅತಿ ಸುಲಭದ ಪರೀಕ್ಷೆ ತಿಂಡಿಯದ್ದು. ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ ಮುಳ್ಳು ಪೂರ್ತಿ ತೆಗೆದ ಬೂತಾಯಿ ಮೀನು ಅಥವಾ ಕೋಳಿಯ ತುಂಡನ್ನು ಮೂಗಿನ ಹತ್ತಿರ ಹಿಡಿಯಿರಿ. ತಿಂದರೆ ದೂರ ಸರಿ ಇದೆ. ಮನೆಯಲ್ಲಿ ಅದಕ್ಕಾಗಿ ಪ್ರಾಣ ಬಿಡುವ ನಾಯಿ ರಸ್ತೆಯಲ್ಲಿ ಮುಖ ತಿರುಗಿಸಿದರೆ ನೀವು ತುಂಬ ಹತ್ತಿರ ಬಂದಿದ್ದೀರಿ. ಹಿಂದೆ ಹೋಗಿ. ಮನೆಯ ಮೀನಿನ ಗಸಿ ಕೊಡಬೇಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ.

ಅಭ್ಯಾಸ ಹೀಗೆ. ಗೆರೆಯಿಂದ ಸಾಕಷ್ಟು ಆಚೆ ನಿಲ್ಲಿ. ಬೇರೆ ನಾಯಿ ಕಾಣಲಿ, ನಿಮ್ಮ ನಾಯಿ ಅದನ್ನು ನೋಡಲಿ, ಆಗ ತುಂಡು ಕೊಡಿ. ಕೊಡುತ್ತಾ ಇರಿ. ಆ ನಾಯಿ ಮರೆಯಾದ ಕೂಡಲೇ ನಿಲ್ಲಿಸಿ. ಈ ಕ್ರಮ ತಿರುವುಮುರುವು ಆಗಬಾರದು. ತಿಂಡಿ ಮೊದಲು ಬಂದರೆ ತಿಂಡಿಯೇ ಅಪಾಯದ ಸೂಚನೆ ಆಗಿಬಿಡುತ್ತದೆ. ಐದು ನಿಮಿಷ ಸಾಕು. ಕೆಲವು ದಿನಗಳಲ್ಲಿ ಬೇರೆ ನಾಯಿ ಕಂಡು ನಿಮ್ಮ ಮುಖ ನೋಡುತ್ತದೆ, "ಎಲ್ಲಿ ನನ್ನ ಪಾಲು?" ಅನ್ನುವ ಹಾಗೆ. ಆಗ ಎರಡು ಹೆಜ್ಜೆ ಹತ್ತಿರ ಹೋಗಿ, ಹತ್ತಲ್ಲ.

"ಹತ್ತಿರ ಬಿಡಿ, ಒಂದು ಸಲ ಮೂಸಿಕೊಂಡರೆ ಸರಿಯಾಗ್ತದೆ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಒಪ್ಪಬೇಡಿ. ಈಜು ಬಾರದವನನ್ನು ಪಣಂಬೂರಿನ ಕಡಲ ಅಲೆಗೆ ನೂಕಿದ ಹಾಗೆ ಅದು.

ಜಾಗವನ್ನು ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಭಾನುವಾರ ಸಂಜೆಯ ಪಣಂಬೂರು, ಮಲ್ಪೆ ಇಂಥ ನಾಯಿಗೆ ಅಲ್ಲ. ವಾರದ ದಿನ ಬೆಳಕು ಹರಿಯುವಾಗ ತಣ್ಣೀರುಬಾವಿ ಕಡೆಯ ಮರಳಲ್ಲಿ ದೂರದವರೆಗೆ ಕಾಣುತ್ತದೆ, ತಿರುಗಿ ಬರಲೂ ಜಾಗ ಉಂಟು. ಕುಡಿಯುವ ನೀರು ಒಯ್ಯಿರಿ. ಸಮುದ್ರದ ನೀರು ಕುಡಿದರೆ ವಾಂತಿ, ಭೇದಿ ಆಗುತ್ತದೆ. ಇಕ್ಕಟ್ಟಿನ ಓಣಿಗಳಲ್ಲಿ ನಿಂತ ರಿಕ್ಷಾ, ಕಾರು ನಿಮ್ಮ ಸ್ನೇಹಿತರು. ಎದುರು ನಾಯಿ ಕಂಡರೆ ಅದರ ಮರೆಗೆ ಸರಿದುಬಿಡಿ.

ಬೀದಿನಾಯಿಗಳು ಹಿಂದೆ ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಹಿಂದೆ ಮಾಡಿಕೊಂಡು ಒಂದು ಹಿಡಿ ತಿಂಡಿಯನ್ನು ಅವುಗಳ ಕಡೆ ಚೆಲ್ಲಿ, ಅವು ನೆಲ ಮೂಸುವಾಗ ನಡೆದುಬಿಡಿ. ನಾನು ಬೇಸಗೆಯಲ್ಲೂ ಕೊಡೆ ಹಿಡಿದೇ ಹೋಗುತ್ತೇನೆ. ನಡುವೆ ಬಿಡಿಸಿ ಹಿಡಿದರೆ ಒಂದು ಗೋಡೆ ಆಗುತ್ತದೆ. ಇದಕ್ಕೆ ನಿಮ್ಮ ನಾಯಿಯನ್ನು ಮೊದಲು ಮನೆಯಲ್ಲಿ ಒಗ್ಗಿಸಿ, ಕೊಡೆ ಬಿಡಿಸುವ ಸದ್ದಿಗೇ ಬೆಚ್ಚುವ ನಾಯಿಗಳಿವೆ. ನಾಯಿಗಳು ಕಚ್ಚಾಡಿಕೊಂಡರೆ ಬಿಡಿಸಲು ನಡುವೆ ಕೈ ಹಾಕಬೇಡಿ. ನೀರು ಎರಚಿ.

ಜೂನ್, ಜುಲೈಯಲ್ಲಿ ನಾಲ್ಕು ದಿನ ಬಿಡದೆ ಸುರಿದರೆ ವಾಕಿಂಗ್ ಇಲ್ಲ, ನಾಯಿಗೆ ಚಡಪಡಿಕೆ. ಒಣಗಿದ ಗೋಣಿಚೀಲವನ್ನು ಮಡಚಿ ಮಡಿಕೆಗಳಲ್ಲಿ ಅದರ ಊಟ ಅಡಗಿಸಿಡಿ, ಹುಡುಕಲಿ. ಹದಿನೈದು ನಿಮಿಷ ಮೂಸಿ ಹುಡುಕಿದ ಬೊಗ್ಗಿ ಒಂದು ಗಂಟೆ ಹಾಯಾಗಿ ಮಲಗುತ್ತಾಳೆ.

"ಗುಡುಗು, ಗರ್ನಾಲು, ತಾಸೆ ಕೇಳಿದರೆ ನಡುಗುತ್ತದೆ"

ಗರ್ನಾಲು ಅಂದರೆ ಜಾತ್ರೆಯಲ್ಲಿ ಸಿಡಿಸುವ ದೊಡ್ಡ ಸದ್ದಿನ ಸಿಡಿಮದ್ದು, ತಾಸೆ ಅಂದರೆ ಹುಲಿವೇಷದ ಜೊತೆ ಬಾರಿಸುವ ಚರ್ಮವಾದ್ಯ. ನಮ್ಮೂರಿನ ವರ್ಷ ಸದ್ದಿನ ವರ್ಷ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರ್, ನವೆಂಬರಿನಲ್ಲಿ ಗುಡುಗು. ಆಟಿ ತಿಂಗಳ (ಜುಲೈ, ಆಗಸ್ಟಿನ) ಮಳೆ ಎಷ್ಟೇ ಜೋರಾದರೂ ಗುಡುಗು ಕಡಿಮೆ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಹುಲಿವೇಷ, ಮಂಗಳೂರಿನಲ್ಲಿ ದಸರಾಕ್ಕೆ ಹುಲಿವೇಷ. ದೀಪಾವಳಿಯ ಪಟಾಕಿ. ಆಮೇಲೆ ದೈವಗಳ ಕೋಲ, ನೇಮ, ಜಾತ್ರೆಗಳ ಗರ್ನಾಲು. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದ್ದು ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ.

ಮೊದಲ ಕೆಲಸ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಹತ್ತಿರದ ದೇವಸ್ಥಾನ, ದೈವಸ್ಥಾನಗಳ ಆಮಂತ್ರಣ ಪತ್ರಿಕೆ ಬಂದಾಗ ಬಿಸಾಡಬೇಡಿ, ತಾರೀಖು ಬರೆದಿಡಿ. ಆ ದಿನ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಗೇಟು ಹಾಕಿ, ನಾಯಿಯನ್ನು ಒಳಗೆ ತನ್ನಿ. ಸದ್ದಿಗೆ ಹೆದರಿ ಪಾಗಾರ ಹಾರಿದ ನಾಯಿ ದಿಕ್ಕುತಪ್ಪಿ ಎಲ್ಲಿಗೋ ಓಡಿರುತ್ತದೆ. ಕುತ್ತಿಗೆಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ.

ನಾಯಿ ತಾನೇ ಹುಡುಕಿಕೊಂಡ ಜಾಗವನ್ನು ಬದಲಿಸಬೇಡಿ. ಮಂಚದಡಿ, ಬಚ್ಚಲು, ಮೆಟ್ಟಿಲ ಕೆಳಗೆ, ಎಲ್ಲಾದರೂ ಸರಿ. ಅಲ್ಲಿ ಹಳೆಯ ಚಾದರ ಹಾಕಿ, ಫ್ಯಾನು ತಿರುಗಲಿ, ರೇಡಿಯೊ ಹಾಡಲಿ. ಗುಡುಗು ಶುರುವಾದರೆ ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲು. ಫ್ಯಾನು ನಿಂತ ಆ ಕ್ಷಣದಲ್ಲಿ ಗುಡುಗು ದುಪ್ಪಟ್ಟು ಕೇಳುತ್ತದೆ. ಅದಕ್ಕೇ ಚಾರ್ಜ್ ಮಾಡಿದ ಸ್ಪೀಕರ್ ಒಂದು ತಯಾರಿರಲಿ. ಯುಪಿಎಸ್‌ನ ಕೀಚಲು ಬೀಪ್ ಕೂಡ ಗಮನಿಸಿ. ಬೊಗ್ಗಿ ಗುಡುಗಿಗಿಂತ ಅದಕ್ಕೇ ಹೆಚ್ಚು ನಡುಗುತ್ತಿದ್ದಳು ಅಂತ ನಮಗೆ ತಿಳಿದದ್ದು ಎರಡನೇ ವರ್ಷ.

"ಮುದ್ದು ಮಾಡಿದರೆ ಹೆದರಿಕೆ ಜಾಸ್ತಿ ಆಗ್ತದೆ" ಅನ್ನುವ ಮಾತು ನಂಬಬೇಡಿ. ಹೆದರಿಕೆ ಬೇಕೆಂದು ಮಾಡುವ ಕೆಲಸ ಅಲ್ಲ, ಮುದ್ದಿನಿಂದ ಅದು ಬೆಳೆಯುವುದಿಲ್ಲ. ಬಂದು ಅಂಟಿಕೊಂಡರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬರದಿದ್ದರೆ ಎಳೆದು ತರಬೇಡಿ.

ಹುಲಿವೇಷದ ತಂಡ ಮನೆಗೆ ಬರುವುದಾದರೆ ಕಾಣಿಕೆಯನ್ನು ರಸ್ತೆಯ ತುದಿಯಲ್ಲೇ ಕೊಟ್ಟು, ನಾಯಿಗೆ ಹೆದರಿಕೆ ಅಂತ ಹೇಳಿ. ನಮ್ಮ ಕಡೆಯ ಹುಡುಗರು ಎರಡು ಮನೆ ದಾಟಿದ ಮೇಲೆಯೇ ತಾಸೆ ಬಾರಿಸುತ್ತಾರೆ. ನಿಧಾನಕ್ಕೆ ಒಗ್ಗಿಸಬೇಕಾದರೆ ಎರಡು ತಿಂಗಳು ಮೊದಲೇ ಶುರು ಮಾಡಿ. ತಾಸೆಯ ರೆಕಾರ್ಡಿಂಗನ್ನು ನಾಯಿಯ ಕಿವಿ ಸ್ವಲ್ಪ ಅಲುಗುವಷ್ಟು ಮಾತ್ರ ಮೆಲ್ಲಗೆ ಹಾಕಿ ತಿಂಡಿ ಕೊಡಿ. ನಡುಕ ಕಂಡರೆ ದನಿ ಜಾಸ್ತಿಯಾಗಿದೆ. ಗುಡುಗಿಗೆ ಈ ಉಪಾಯ ಅಷ್ಟಾಗಿ ಹಿಡಿಯುವುದಿಲ್ಲ. ಮಿಂಚು, ಗಾಳಿ, ಕಪ್ಪು ಮೋಡವನ್ನು ಫೋನಿನಲ್ಲಿ ಹಾಕಲು ಆಗುವುದಿಲ್ಲ, ಅಲ್ವಾ?

ನಾಯಿ ಬಾಗಿಲು ಕೆರೆದು ಉಗುರು ಕಿತ್ತುಕೊಂಡರೆ, ಗಂಟೆಗಟ್ಟಲೆ ಏದುಸಿರು ಬಿಟ್ಟರೆ, ಮನೆಯ ಉಪಾಯ ಅಲ್ಲಿಗೆ ಸಾಕು. ಸದ್ದಿನ ದಿನಕ್ಕೆ ಮಾತ್ರ ಕೊಡುವ ಮಾತ್ರೆಗಳು ಇವೆ, ಡಾಕ್ಟರ ಹತ್ತಿರ ಕೇಳಿ. ಸದ್ದು ಶುರುವಾಗುವ ಮೊದಲೇ ಕೊಡಬೇಕು. ಒಂದು ಶಾಂತ ದಿನ ಕೊಟ್ಟು ಮೈಗೆ ಒಗ್ಗುತ್ತದಾ ಅಂತ ನೋಡಿರಬೇಕು. ಬರೀ ಮಂಪರು ಬರಿಸುವ ಮದ್ದಿನಲ್ಲಿ ನಾಯಿ ಅಲ್ಲಾಡದೆ ಬಿದ್ದಿರುತ್ತದೆ, ಒಳಗಿನ ಹೆದರಿಕೆ ಹಾಗೇ ಇರಬಹುದು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಕೇಳಿ.

"ಒಂಟಿಯಾಗಿ ಬಿಟ್ಟರೆ ಮನೆ ಹಾಳು ಮಾಡುತ್ತದೆ"

ಹಳೆಯ ಫೋನಿನಲ್ಲಿ ವಿಡಿಯೊ ಇಟ್ಟು ಹೋಗಿ. ನೀವು ಹೊರಟ ಅರ್ಧ ಗಂಟೆಯೊಳಗೆ ಕೂಗು, ಜೊಲ್ಲು, ಬಾಗಿಲು ಕೆರೆಯುವುದು ಶುರುವಾದರೆ ಅದು ಒಂಟಿತನದ ದಿಗಿಲು. ಎರಡು ಗಂಟೆ ಮಲಗಿ ಎದ್ದು ಚಪ್ಪಲಿ ಕಚ್ಚಿದರೆ ಬೇಸರ ಅಷ್ಟೇ, ಕಚ್ಚಲು ಒಂದು ತೆಂಗಿನ ಸಿಪ್ಪೆ ಕೊಟ್ಟು ನೀವಿರುವಾಗ ನೋಡಿ. ನಾರು ನುಂಗುವ ನಾಯಿಗೆ ಅದು ಬೇಡ.

ದಿಗಿಲಾದರೆ ಬೀಗದ ಕೈ ತೆಗೆದು ಮತ್ತೆ ಕೂರುವುದರಿಂದ ಶುರು ಮಾಡಿ. ಆಮೇಲೆ ಹತ್ತು ಸೆಕೆಂಡು ಹೊರಗೆ, ಆಮೇಲೆ ಒಂದು ನಿಮಿಷ. ಈ ಅಭ್ಯಾಸ ನಡೆಯುವಷ್ಟು ದಿನ ನಿಜವಾಗಿ ಒಂಟಿ ಬಿಡದಿದ್ದರೆ ಒಳ್ಳೆಯದು. ಪಕ್ಕದ ಮನೆಯ ಅಜ್ಜಿಯ ಹತ್ತಿರ ಕೇಳಿಕೊಳ್ಳಿ.

"ಹತ್ತಿರ ಹೋದರೆ ಗುರ್ ಅನ್ನುತ್ತದೆ, ಕಚ್ಚಲು ಬರುತ್ತದೆ"

ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಅದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚುತ್ತದೆ. ಗುರ್ ಅಂದರೆ ನಿಂತು, ಪಕ್ಕಕ್ಕೆ ನೋಡಿ, ಹಿಂದೆ ಸರಿಯಿರಿ. ಯಾವುದರ ಹತ್ತಿರ ಹೋದಾಗ ಅಂದಿತು ಅಂತ ಬರೆದಿಡಿ: ಊಟ, ಮಲಗುವ ಜಾಗ, ನೋಯುವ ಕಾಲು.

ಆ ದಿನದ ಲೆಕ್ಕವನ್ನೂ ಬರೆಯಿರಿ. ಬೊಗ್ಗಿ ನೆಂಟರ ಮಗುವಿಗೆ ಗುರ್ ಅಂದ ದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಮರ ಕಡಿಯುವ ಯಂತ್ರ ಓಡಿತ್ತು, ಮಧ್ಯಾಹ್ನ ಬೀದಿನಾಯಿ ಅಟ್ಟಿಸಿತ್ತು, ಸಂಜೆ ಗುಡುಗಿತ್ತು. ಮಗು ಬಂದದ್ದು ಕೊನೆಗೆ. ಒಂದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳು. ಇಂಥ ದಿನ ಆದ ಮೇಲೆ ಎರಡು ದಿನ ವಾಕಿಂಗ್ ಬಿಟ್ಟು ಮನೆಯಲ್ಲೇ ಶಾಂತವಾಗಿಡಿ.

ಸಣ್ಣ ಮಕ್ಕಳನ್ನು, ನಾಯಿಯನ್ನು ಒಟ್ಟಿಗೆ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬೇಡಿ. ನೆಂಟರು ಬಂದಾಗ ನಡುವೆ ಬಾಗಿಲು ಇರಲಿ. ಬುಟ್ಟಿಯ ಹಾಗಿರುವ ಬಾಯಿಕುಕ್ಕೆ ಒಳ್ಳೆಯದು, ಅದರಲ್ಲಿ ನಾಯಿ ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯದ್ದು ನಮ್ಮ ಸೆಖೆಯಲ್ಲಿ ಅಪಾಯ.

ಕಚ್ಚಿದರೆ, ಮನೆಯ ನಾಯಿ ಆದರೂ, ಲಸಿಕೆ ಹಾಕಿಸಿದ್ದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನ ಪುಡಿ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ತಡೆಯಲು ಗಾಯಕ್ಕೆ ಕೊಡುವ ಇನ್ನೊಂದು ಚುಚ್ಚುಮದ್ದು) ಬೇಕಾ ಅಂತ ಕೇಳಿ. ಲಸಿಕೆಯನ್ನು ಅರ್ಧಕ್ಕೆ ಬಿಡಬೇಡಿ.

"ಎಲ್ಲ ಮಾಡಿದೆವು, ಆಗ್ತಾ ಇಲ್ಲ"

ಎರಡು ತಿಂಗಳು ಕ್ರಮವಾಗಿ ಮಾಡಿಯೂ ಬದಲಾವಣೆ ಇಲ್ಲದಿದ್ದರೆ, ಅಥವಾ ಒಂದು ಸಲ ರಕ್ತ ಬರುವ ಹಾಗೆ ಕಚ್ಚಿದರೆ, ಸಹಾಯ ಬೇಕು. ತರಬೇತಿ ಕೊಡುವವರನ್ನು ಕರೆಯುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಾಯಿ ತಪ್ಪು ಮಾಡಿದರೆ ಏನು ಮಾಡ್ತೀರಿ?" ಚೈನು ಜಗ್ಗುತ್ತೇವೆ, ಶಾಕ್ ಕೊಡುತ್ತೇವೆ, ನೆಲಕ್ಕೆ ಒತ್ತಿ ಹಿಡಿಯುತ್ತೇವೆ ಅಂದರೆ ನಮಸ್ಕಾರ ಹೇಳಿ ಬನ್ನಿ. ನಾಯಿಯನ್ನು ನಿಮ್ಮ ಕಣ್ಣಿನ ಮರೆಗೆ ಕರೆದೊಯ್ದು ತಿಂಗಳಿಟ್ಟು ಸರಿಮಾಡುವ ಮಾತಿಗೂ ಒಪ್ಪಬೇಡಿ.

ದಿನವೂ ಕೊಡುವ ಆತಂಕದ ಮಾತ್ರೆಗಳಿವೆ, ಫ್ಲುವಾಕ್ಸೆಟಿನ್ ಅಂಥ ಒಂದು. ಅದರ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ನಡುವೆ ನೀವೇ ನಿಲ್ಲಿಸಬಾರದು, ಮನೆಯವರ ಮಾತ್ರೆಯನ್ನು ಅಳತೆ ಮಾಡಿ ಕೊಡಬಾರದು. ಮಾತ್ರೆ ಕೊಡುವುದು ಸೋಲಲ್ಲ. ಬೊಗ್ಗಿಗೆ ಎಂಟು ತಿಂಗಳು ಕೊಟ್ಟೆವು. ಆ ಎಂಟು ತಿಂಗಳಲ್ಲೇ ಅವಳು ಕಲಿತದ್ದು ಜಾಸ್ತಿ, ಯಾಕೆಂದರೆ ತಲೆಯಲ್ಲಿ ಕಲಿಯಲು ಜಾಗ ಇತ್ತು.

ಕ್ಲಿನಿಕ್ಕಿನ ಬೆಂಚು ಇಂಥ ನಾಯಿಗೆ ಅತಿ ಕಷ್ಟದ ಜಾಗ. ಮೊದಲೇ ಫೋನ್ ಮಾಡಿ ಜನ ಕಡಿಮೆ ಇರುವ ಹೊತ್ತು ಕೇಳಿ, ಸರದಿ ಬರುವವರೆಗೆ ರಿಕ್ಷಾದಲ್ಲೋ ಕಾರಿನಲ್ಲೋ ಕಾಯಿರಿ. ಅಲ್ಲಿ ನಾಯಿ ಮರಗಟ್ಟಿ ನಿಲ್ಲಬಹುದು, ಮನೆಯಲ್ಲಿ ಮಾಡುವುದೇನೂ ಡಾಕ್ಟರಿಗೆ ಕಾಣಲಿಕ್ಕಿಲ್ಲ. ಅದಕ್ಕೆ ಮೂರು ವಿಡಿಯೊ ಒಯ್ಯಿರಿ: ಗೇಟಿನದ್ದು, ವಾಕಿಂಗ್‌ನದ್ದು, ಒಂಟಿಯಾಗಿದ್ದಾಗಿನದ್ದು. ಜೊತೆಗೆ ಲಸಿಕೆಯ ಪುಸ್ತಕ, ಮತ್ತೆ ಎರಡು ವಾರ ಬರೆದಿಟ್ಟ ನಿಮ್ಮ ಆ ಲೆಕ್ಕ.